ಒಂದು ಕುಳಿಯ ಅಳತೆ

ಗಾಲ್ಫ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಎತ್ತರದ ಕಾಂಪೌಂಡು, ಗೇಟಿನಲ್ಲಿ ಕಾವಲುಗಾರ, ವರ್ಷಗಟ್ಟಲೆ ಕಾದರೂ ಸಿಗದ ಸದಸ್ಯತ್ವ. ಆದರೆ ಈ ಆಟದ ಒಂದು ಮೂಲ ಅಳತೆ ಸಿಕ್ಕಿದ್ದು, ಯಾರು ಬೇಕಾದರೂ ಕಾಲಿಡಬಹುದಾದ ಒಂದು ಊರ ಬಯಲಿನಲ್ಲಿ.

ಆ ಊರು ಸ್ಕಾಟ್ಲೆಂಡಿನ ಮಸಲ್‌ಬರೋ. ಎಡಿನ್‌ಬರೋದಿಂದ ಪೂರ್ವಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿ, ಕಡಲ ದಂಡೆಯಲ್ಲಿದೆ. ಅಲ್ಲಿನ ಹಳೆಯ ಮೈದಾನಕ್ಕೆ ಇರುವುದು 9 ಕುಳಿಗಳು ಮಾತ್ರ, ಅಂದರೆ ಇಂದಿನ ದೊಡ್ಡ ಮೈದಾನಗಳ ಅರ್ಧ. ಅದೂ 1816ರಿಂದ ಕುದುರೆ ಓಟ ನಡೆಯುತ್ತಿರುವ ಬಯಲಿನೊಳಗೆ. 4ನೇ ಕುಳಿಗೆ ‘ಮಿಸೆಸ್ ಫೋರ್ಮನ್’ ಎಂದು ಹೆಸರು. ಹಿಂದೆ ಅದರ ಪಕ್ಕದಲ್ಲೇ ಆಕೆಯ ಮದ್ಯದಂಗಡಿ ಇತ್ತು. ಆಡುತ್ತಾ ಬಂದವರು ಅಲ್ಲಿ ಗಂಟಲು ತೇವ ಮಾಡಿಕೊಂಡು ಮುಂದಿನ ಕುಳಿಗೆ ಹೋಗುತ್ತಿದ್ದರು.

ಇಲ್ಲಿ ಆಟ ನಡೆದ ಲಿಖಿತ ದಾಖಲೆ 1672ರದ್ದು. ಸರ್ ಜಾನ್ ಫೌಲಿಸ್ ಎಂಬ ವಕೀಲ ಮಸಲ್‌ಬರೋದಲ್ಲಿ ಗಾಲ್ಫ್ ಆಡಿ ಸೋತ ಹಣವನ್ನು ತನ್ನ ಖರ್ಚಿನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಆಡುತ್ತಿದ್ದವರು ವಕೀಲರಷ್ಟೇ ಅಲ್ಲ. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಎಡಿನ್‌ಬರೋಗೆ ಮೀನು ಮಾರಲು ಹೋಗುತ್ತಿದ್ದ ಹೆಂಗಸರೂ ಇಲ್ಲಿ ಕೋಲು ಹಿಡಿಯುತ್ತಿದ್ದರು. 1811ರ ಹೊಸ ವರ್ಷಕ್ಕೆ ಅವರಿಗಾಗಿ ಸ್ಥಳೀಯ ಕ್ಲಬ್ ಬಹುಮಾನಗಳನ್ನೇ ಇಟ್ಟಿತ್ತು: ಹೊಸ ಮೀನುಬುಟ್ಟಿ, ಒಂದು ಶಾಲು, ರೇಷ್ಮೆಯ ಕರವಸ್ತ್ರಗಳು. ಮಹಿಳಾ ಗಾಲ್ಫ್ ಸ್ಪರ್ಧೆಯ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು.

ಇನ್ನು ಕುಳಿಯ ವಿಷಯ. ಚಿಕ್ಕಂದಿನಲ್ಲಿ ಹಿಮ್ಮಡಿ ತಿರುಗಿಸಿ ಗೋಲಿಯಾಟದ ಕುಳಿ ತೋಡಿದವರಿಗೆ ಗೊತ್ತು, ಕೇರಿಗೊಂದು ಅಳತೆ. ಗಾಲ್ಫಿನದ್ದೂ ಅದೇ ಕತೆಯಾಗಿತ್ತು. ಚೆಂಡನ್ನು ಎತ್ತರಿಸಿ ಇಡಲು ಆಟಗಾರರು ಕುಳಿಯೊಳಗಿನ ಮರಳನ್ನೇ ಹಿಡಿಯಷ್ಟು ತೆಗೆಯುತ್ತಿದ್ದರು; ಕುಳಿ ದಿನೇ ದಿನೇ ಹಿಗ್ಗುತ್ತಿತ್ತು. 1829ರಲ್ಲಿ ಮಸಲ್‌ಬರೋದಲ್ಲಿ ಕುಳಿ ಕೊರೆಯುವ ಒಂದು ಉಪಕರಣ ಬಂತು. ಅದು ಕೊರೆದ ಕುಳಿಯ ಅಗಲ 4.25 ಇಂಚು. 1890ರ ದಶಕದ ಆರಂಭದಲ್ಲಿ ಸೇಂಟ್ ಆಂಡ್ರೂಸ್‌ನ ಹಿರಿಯ ಕ್ಲಬ್ ಅದನ್ನೇ ನಿಯಮವಾಗಿಸಿತು. ಆ ಉಪಕರಣ ಬಂದ 1829ರಲ್ಲೇ ಕಲ್ಕತ್ತಾದಲ್ಲಿ ನಮ್ಮ ದೇಶದ ಮೊದಲ ಗಾಲ್ಫ್ ಕ್ಲಬ್ಬೂ ಶುರುವಾಯಿತು. ಇಂದು ಕೋಲ್ಕತ್ತಾದಲ್ಲಿ ಆಡಿ, ಬೆಂಗಳೂರಿನಲ್ಲಿ ಆಡಿ, ನಿಮ್ಮ ಚೆಂಡು ಬೀಳುವುದು ಮಸಲ್‌ಬರೋದ ಅಳತೆಗೇ.

1874ರಿಂದ 1889ರ ನಡುವೆ ‘ಓಪನ್’ ಚಾಂಪಿಯನ್‌ಷಿಪ್ ಆರು ಸಲ ಈ 9 ಕುಳಿಗಳ ಮೇಲೆ ನಡೆಯಿತು. 1874ರಲ್ಲಿ ಗೆದ್ದ ಮಂಗೋ ಪಾರ್ಕ್ ಹಡಗಿನಲ್ಲಿ ದುಡಿದು ಬಂದವನು. 1886ರಲ್ಲಿ ಗೆದ್ದ ಡೇವಿಡ್ ಬ್ರೌನ್ ಮನೆಗಳಿಗೆ ಸ್ಲೇಟುಕಲ್ಲಿನ ಮಾಡು ಹೊದಿಸುವವನು. ಇಬ್ಬರೂ ಮಸಲ್‌ಬರೋದವರೇ.

ಆದರೆ ಊರ ಬಯಲೆಂದರೆ ನೂಕುನುಗ್ಗಲು. ಇಲ್ಲೇ ಆಡುತ್ತಿದ್ದ ಎಡಿನ್‌ಬರೋದ ಶ್ರೀಮಂತ ಕ್ಲಬ್ 1891ರಲ್ಲಿ ಮ್ಯೂರ್‌ಫೀಲ್ಡ್ ಎಂಬಲ್ಲಿ ಸ್ವಂತ ಮೈದಾನ ಮಾಡಿಕೊಂಡು ಹೊರಟಿತು. 1892ರ ಓಪನ್ನನ್ನೂ ಜೊತೆಗೇ ಒಯ್ದಿತು. ಮಸಲ್‌ಬರೋದವರು ಸಿಟ್ಟಿನಿಂದ ಪೈಪೋಟಿಯ ಪಂದ್ಯಾವಳಿ ನಡೆಸಿ ನೋಡಿದರು. ಓಪನ್ ಮಾತ್ರ ಮತ್ತೆ ಆ ಊರಿಗೆ ಬರಲಿಲ್ಲ. ಹೀಗೆ ಹೊರಟುಹೋದ ಕ್ಲಬ್ಬು ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 2017ರಲ್ಲಿ. ಮೀನು ಮಾರುವ ಹೆಂಗಸರು ಬಹುಮಾನಕ್ಕೆ ಆಡಿ ಆಗಲೇ 206 ವರ್ಷ ಕಳೆದಿತ್ತು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇಂಥದ್ದು ಕಂಡಿದ್ದೇವೆ: ಯಾರೋ ನಾಲ್ಕು ಜನ ತಮ್ಮ ಅನುಕೂಲಕ್ಕೆ ಮಾಡಿಕೊಂಡ ಕ್ರಮ ಎಲ್ಲರ ನಿಯಮವಾಗುತ್ತದೆ, ಹೆಸರು ದೊಡ್ಡವರದ್ದಾಗುತ್ತದೆ. ಮಸಲ್‌ಬರೋದ ಬಯಲು ಮಾತ್ರ ಇಂದಿಗೂ ಸಾರ್ವಜನಿಕರದ್ದೇ. ಕುದುರೆ ಓಟವಿಲ್ಲದ ದಿನ ಹೋಗಿ, ಶುಲ್ಕ ಕೊಟ್ಟು, ಬಾಡಿಗೆಗೆ ಸಿಗುವ ಹಳೆಯ ಕಾಲದ ಮರದ ಕೋಲುಗಳನ್ನು ಹಿಡಿದು ಯಾರು ಬೇಕಾದರೂ ಒಂದು ಸುತ್ತು ಆಡಬಹುದು. ಯಾವ ಕ್ಲಬ್ಬಿನ ಸದಸ್ಯರೆಂದು ಯಾರೂ ಕೇಳುವುದಿಲ್ಲ.