ಎಲೆ ಎಣಿಸಿದ ರಾಜ: ಋತುಪರ್ಣನಿಂದ ಒಮಾಹಾ ತನಕ (ಇಸ್ಪೀಟಿನ ಇತಿಹಾಸ, ಭಾಗ 3)

ಹಿಂದಿನ ಭಾಗ ಓದಿ ನಿಮ್ಮಲ್ಲಿ ಕೆಲವರು ಕೇಳಿದ್ರಿ: "ಒಮಾಹಾ ಪೋಕರ್ ಪುಸ್ತಕ ಓದಿ ಕಲಿಯೋಕಾಗುತ್ತಾ, ಇಲ್ಲ ಎಲ್ಲಾ ಅದೃಷ್ಟಾನಾ?" ಕಲಿಯೋಕಾಗುತ್ತೆ. ಆದ್ರೆ ಈ ಪ್ರಶ್ನೆ ಒಮಾಹಾಗಿಂತ ಎಷ್ಟೋ ಹಳೇದು. ಅಲ್ಲಿಂದಲೇ ಶುರು ಮಾಡೋಣ.

ನಳನ ಕಥೆ ನಿಮಗೆ ಗೊತ್ತು. ಕನಕದಾಸರ ನಳಚರಿತ್ರೆ ಓದದಿದ್ದವರೂ ಅಜ್ಜಿ ಬಾಯಲ್ಲಿ ಕೇಳಿರ್ತೀರಿ. ಜೂಜಲ್ಲಿ ರಾಜ್ಯ ಕಳ್ಕೊಂಡ ನಳ, ಋತುಪರ್ಣ ಅನ್ನೋ ರಾಜನ ಹತ್ರ ಸಾರಥಿಯಾಗಿ ಸೇರ್ತಾನೆ. ಮಹಾಭಾರತದ ವನಪರ್ವದಲ್ಲಿ ಈ ಕಥೆಯೊಳಗೆ ಒಂದು ಪುಟ್ಟ ಪ್ರಸಂಗ ಇದೆ, ಹೇಳೋರು ಅದನ್ನ ಬೇಗ ದಾಟಿಸಿಬಿಡ್ತಾರೆ. ರಥ ಓಡ್ತಿರುವಾಗ ಋತುಪರ್ಣ ಒಂದು ತಾರೆ ಮರ ತೋರಿಸಿ, ಇದರ ಎರಡು ಕೊಂಬೆಯಲ್ಲಿ 2,095 ಕಾಯಿ ಇವೆ ಅಂತಾನೆ. ನಳನಿಗೆ ನಂಬಿಕೆ ಬರಲ್ಲ. ರಥ ನಿಲ್ಲಿಸಿ, ಮರ ಕಡಿದು, ಒಂದೊಂದೇ ಎಣಿಸ್ತಾನೆ. ಲೆಕ್ಕ ಸರಿಯಾಗಿರುತ್ತೆ. "ಇದು ಹೇಗೆ ಬಂತು?" ಅಂದ್ರೆ ಋತುಪರ್ಣ ಹೇಳೋದು, ನನಗೆ ದಾಳದ ವಿದ್ಯೆ ಗೊತ್ತು, ಅದರಿಂದಲೇ ಎಣಿಕೆಯೂ ಗೊತ್ತು ಅಂತ. ಆ ವಿದ್ಯೆಗೆ ಅಕ್ಷಹೃದಯ ಅಂತ ಹೆಸರು. ನಳ ತನ್ನ ಕುದುರೆ ವಿದ್ಯೆ ಕೊಟ್ಟು ಅದನ್ನ ಕಲಿತ್ಕೋತಾನೆ.

ಶ್ರೀನಿವಾಸಪುರದವರಿಗೆ ಇದರಲ್ಲಿ ಪವಾಡ ಏನೂ ಕಾಣಲ್ಲ, ಅಲ್ವಾ? ಮಾವಿನ ತೋಟವನ್ನ ಕಾಯಿ ಬಲಿಯೋ ಮುಂಚೇನೇ ಮಾತಾಡಿ ಕೊಡೋದು ನಮ್ಮ ಕಡೆ ಇದ್ದದ್ದೇ. ವ್ಯಾಪಾರಿ ಬಂದು ಮರಕ್ಕೆ ಒಂದು ಸುತ್ತು ಹಾಕಿ, ಒಂದೆರಡು ಕೊಂಬೆ ನೋಡಿ, ಇಡೀ ತೋಟಕ್ಕೆ ರೇಟು ಹೇಳ್ತಾನೆ. ಆಮೇಲೆ ಆಲಿಕಲ್ಲು ಮಳೆ ಬಿದ್ರೆ ಅವನ ಗ್ರಹಚಾರ. ಆದ್ರೆ ಹತ್ತು ವರ್ಷದ ಲೆಕ್ಕ ತೆಗೆದ್ರೆ, ಮರ ನೋಡೋಕೆ ಬರೋ ವ್ಯಾಪಾರಿ ಉಳ್ಕೋತಾನೆ, ಬರದವನು ಅಂಗಡಿ ಮುಚ್ಚಿರ್ತಾನೆ. ಅಂದಾಜು ಒಂದು ವಿದ್ಯೆ, ಆಲಿಕಲ್ಲು ಅದೃಷ್ಟ. ಎರಡೂ ಒಂದೇ ತೋಟದಲ್ಲಿ ಇರ್ತವೆ.

(ನಮ್ಮ ಭಾಷೇಲಿ ಕಾರ್ಡಿಗೂ "ಎಲೆ" ಅಂತಾನೇ ಹೆಸರು. ಋತುಪರ್ಣ ಕಾಯಿ ಜೊತೆಗೆ ಎಲೆಯನ್ನೂ ಎಣಿಸಿದ್ದ. ಕಾಕತಾಳೀಯ ಅಷ್ಟೆ, ಆದ್ರೂ ನನಗೆ ಖುಷಿ.)

ಈಗ ಮೈಸೂರಿಗೆ ಬನ್ನಿ. ಮುಮ್ಮಡಿ ಕೃಷ್ಣರಾಜ ಒಡೆಯರು, 1794ರಿಂದ 1868. 1831ರಲ್ಲಿ ಬ್ರಿಟಿಷರು ಕೋಲಾರವೂ ಸೇರಿ ಇಡೀ ಸಂಸ್ಥಾನದ ಆಡಳಿತ ಅವರ ಕೈಯಿಂದ ಕಿತ್ಕೊಂಡ್ರು. ಅರಮನೆಯಲ್ಲಿ ಉಳಿದ ರಾಜರು ಪುಸ್ತಕದ ಕಡೆ, ಆಟದ ಕಡೆ ತಿರುಗಿದ್ರು. ಅವರ ಶ್ರೀತತ್ತ್ವನಿಧಿಯ ಕೊನೆಯ ಭಾಗ ಕೌತುಕನಿಧಿ. ಅದರಲ್ಲಿ ಛದ ಅನ್ನೋ ಗಂಜೀಫಾ ಆಟಗಳ 13 ಬಗೆಗಳ ವಿವರ ಇದೆ. ನಮ್ಮ ಇಸ್ಪೀಟಿನ ಕಟ್ಟಿಗೆ 52 ಎಲೆ. ಛದದಲ್ಲಿ ಒಂದು ಕಟ್ಟಿಗೆ 360 ಎಲೆ ತನಕ ಹೋಗುತ್ತೆ! ಇಷ್ಟು ಕಷ್ಟದ ಆಟ ಅರಮನೆ ಬಿಟ್ಟು ಹೊರಗೆ ಅಷ್ಟಾಗಿ ಹಬ್ಬಲಿಲ್ಲ. ನನಗೆ ಮುಖ್ಯ ಅನ್ನಿಸೋದು ಬೇರೆ: ಋತುಪರ್ಣ ಕಿವಿಯಲ್ಲಿ ಹೇಳಿದಂಥ ಆಟದ ತಿಳಿವಳಿಕೆಯನ್ನ ಕನ್ನಡ ನಾಡಿನ ಒಬ್ಬ ರಾಜ ಪುಸ್ತಕಕ್ಕೆ ಇಳಿಸಿದ್ರು.

ಅಮೆರಿಕದಲ್ಲೂ ನಡೆದದ್ದು ಇದೇ, ನೂರು ವರ್ಷ ಚಿಲ್ಲರೆ ತಡವಾಗಿ. 1970ರ ದಶಕದ ಕೊನೆಗೆ ಡಾಯ್ಲ್ ಬ್ರನ್ಸನ್ ಅನ್ನೋ ಆಟಗಾರ ಸೂಪರ್ ಸಿಸ್ಟಮ್ ಅಂತ ದಪ್ಪ ಪುಸ್ತಕ ಹೊರತಂದ. ಅಲ್ಲೀತನಕ ದುಡ್ಡು ಕಳ್ಕೊಂಡೇ ಕಲೀಬೇಕಿದ್ದ ಪೋಕರ್, ಅಂಗಡಿಯಲ್ಲಿ ಕೊಳ್ಳೋ ಹಾಗಾಯ್ತು. ಒಮಾಹಾ 1980ರ ದಶಕದ ಶುರುವಿನಲ್ಲಿ ಲಾಸ್ ವೇಗಸ್‌ನ ಗೋಲ್ಡನ್ ನಗೆಟ್ ಕ್ಯಾಸಿನೋಗೆ ಬಂತು. 2008ರಲ್ಲಿ ಜೆಫ್ ಹ್ವಾಂಗ್ ಬರೆದ ಪುಸ್ತಕ ಅದನ್ನ ಪಾಠದ ಥರ ಬಿಡಿಸಿ ಹೇಳ್ತು.

ಆಟ ಏನು ಅಂತ ಚಿಕ್ಕದಾಗಿ. ಕೈಗೆ 4 ಎಲೆ, ಮಧ್ಯ ಎಲ್ಲರಿಗೂ ಕಾಣೋ ಹಾಗೆ 5 ಎಲೆ. ಕೈಯಿಂದ ಸರಿಯಾಗಿ 2, ಮಧ್ಯದಿಂದ ಸರಿಯಾಗಿ 3 ತಗೋಬೇಕು. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಹೊಸಬರು ಎಡವೋದು ಇಲ್ಲೇ: ಮಧ್ಯ 4 ಆಟೀನು ಬಿದ್ದಿದೆ, ನಿಮ್ಮ ಕೈಲಿ ಆಟೀನು ಎಕ್ಕ ಒಂದೇ ಇದೆ. ಹೋಲ್ಡೆಮ್ ಆಗಿದ್ರೆ ಫ್ಲಶ್. ಒಮಾಹಾದಲ್ಲಿ ಏನೂ ಇಲ್ಲ, ಯಾಕಂದ್ರೆ ಕೈಯಿಂದ ಎರಡು ಆಟೀನು ಬೇಕು.

ಹೋಲ್ಡೆಮ್‌ನಲ್ಲಿ ಕೈಗೆ ಬರಬಹುದಾದ ಜೋಡಿಗಳು 1,326. ಒಮಾಹಾದಲ್ಲಿ 2,70,725. ಬಾಯಿಪಾಠ ಮಾಡೋಕಾಗಲ್ಲ. ಮರ ನೋಡಿದ ಹಾಗೆ ನೋಡೋದು ಕಲೀಬೇಕು. ನೋಡಿ: ನಿಮ್ಮ ಕೈಲಿ ಗುಲಾಮ, 10, 7, 6. ಮಧ್ಯ ಮೊದಲ ಮೂರು ಎಲೆ 9, 8, 2, ಮೂರೂ ಬೇರೆ ಬೇರೆ ಬಣ್ಣ. ಸ್ಟ್ರೈಟ್ ಆಗೋಕೆ ಯಾವ ಎಲೆ ಬರಬೇಕು? ರಾಣಿ 4, ಗುಲಾಮ 3, ಹತ್ತು 3, ಏಳು 3, ಆರು 3, ಐದು 4. ಒಟ್ಟು 20. ನಿಮಗೆ ಕಾಣದ ಎಲೆ 45, ಇನ್ನೂ ಎರಡು ಬೀಳಬೇಕು. ಎರಡೂ ಸಲ ತಪ್ಪೋ ಸಾಧ್ಯತೆ 25/45 ಗುಣಿಸು 24/44, ಅಂದ್ರೆ ನೂರಕ್ಕೆ ಸುಮಾರು 30. ಹಾಗಾದ್ರೆ 70 ನಿಮ್ಮ ಕಡೆ.

ಇಲ್ಲಿಗೇ ಕುಣಿಯೋದು ಬೇಡ. ಗುಲಾಮ ಬಿದ್ರೆ ರಾಣಿ-ಹತ್ತು ಹಿಡಿದವನು ನಿಮ್ಮ ಮೇಲೆ. ಹತ್ತು ಬಿದ್ರೆ ರಾಣಿ-ಗುಲಾಮ ಹಿಡಿದವನು ನಿಮ್ಮ ಮೇಲೆ. ಅಂದ್ರೆ 20ರಲ್ಲಿ 6 ಎಲೆ ಹುಳ ಬಿದ್ದ ಕಾಯಿ. ಎದುರಿನವನ ಹತ್ರ ಮೂರು 9 ಕೂತಿದ್ರೆ, ಮಧ್ಯದ ಎಲೆ ಜೋಡಿಯಾದ ಕೂಡಲೇ ನಿಮ್ಮ ಸ್ಟ್ರೈಟ್ ಸತ್ತ ಹಾಗೆ. ಪುಸ್ತಕ ಕಲಿಸೋದು ಇದನ್ನೇ: ಕಾಯಿ ಎಣಿಸು, ಆಮೇಲೆ ಹುಳ ಬಿದ್ದದ್ದು ಕಳಿ.

ಇದನ್ನ ಅಂದರ್ ಬಾಹರ್ ಪಕ್ಕ ಇಟ್ಟು ನೋಡಿ. ಪೇಪರ್‌ನಲ್ಲಿ ಇಸ್ಪೀಟ್ ಅಡ್ಡೆ ಮೇಲೆ ದಾಳಿ ಅಂತ ಬರೋ ಸುದ್ದೀಲಿ ಎಷ್ಟೋ ಸಲ ಇರೋದು ಅದೇ ಆಟ. ಮೊದಲ ಎಲೆ ಬೀಳೋ ಕಡೆಗೆ ನೂರಕ್ಕೆ ಸುಮಾರು 51.5 ಇರುತ್ತೆ, ಅಷ್ಟೇ ಕಥೆ. ದುಡ್ಡಿಟ್ಟ ಮೇಲೆ ನೀವು ಮಾಡೋ ತೀರ್ಮಾನ ಒಂದೂ ಇಲ್ಲ. ವರ್ಷತೊಡಕಿನ ದಿನ ಮರದ ಕೆಳಗೆ ಕೂತು ಇಪ್ಪತ್ತು ವರ್ಷ ಆಡಿದ ದೊಡ್ಡಪ್ಪನಿಗೂ ಇವತ್ತು ಕೂತ ನಿಮಗೂ ವ್ಯತ್ಯಾಸ ಇಲ್ಲ.

ಕೋರ್ಟುಗಳು ಎಪ್ಪತ್ತು ವರ್ಷದಿಂದ ಈ ಗೆರೆಯನ್ನೇ ಎಳೀತಿವೆ. 1957ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಬೆಂಗಳೂರಿನಲ್ಲಿ ಅಚ್ಚಾಗ್ತಿದ್ದ ಸ್ಪೋರ್ಟಿಂಗ್ ಸ್ಟಾರ್ ಪತ್ರಿಕೆಯ ಪದಬಂಧ ಸ್ಪರ್ಧೆ. ಅದು ಜೂಜು ಅಂತ ತೀರ್ಪಾಯ್ತು. 1967ರಲ್ಲಿ ಸಿಕಂದರಾಬಾದ್‌ನ ಒಂದು ಕ್ಲಬ್ಬಿನ ಕೇಸಲ್ಲಿ ರಮ್ಮಿಗೆ ಮುಖ್ಯವಾಗಿ ಕೌಶಲ ಬೇಕು ಅಂದ್ರು: ಬಿದ್ದ ಎಲೆ ನೆನಪಿಡಬೇಕು, ಯಾವುದು ಇಟ್ಕೋಬೇಕು ಯಾವುದು ಬಿಡಬೇಕು ಗೊತ್ತಿರಬೇಕು. ನಮ್ಮ 1963ರ ಪೊಲೀಸ್ ಕಾಯ್ದೆಯ 176ನೇ ಕಲಮೂ ಕೌಶಲದ ಆಟಕ್ಕೆ ವಿನಾಯಿತಿ ಕೊಟ್ಟಿತ್ತು. 2021ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ದುಡ್ಡಿಟ್ಟು ಆಡೋ ಆನ್‌ಲೈನ್ ಆಟ ನಿಷೇಧಿಸ್ತು. 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನ ರದ್ದು ಮಾಡ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇನ್ನೊಂದು ಕಾನೂನು ಪಾಸ್ ಮಾಡ್ತು. ಅದು ಹಳೇ ಪ್ರಶ್ನೆಯನ್ನ ಕೇಳೋದೇ ಇಲ್ಲ: ಕೌಶಲ ಇರಲಿ ಅದೃಷ್ಟ ಇರಲಿ, ದುಡ್ಡು ಕಟ್ಟಿ ಆಡಿಸೋ ಆನ್‌ಲೈನ್ ಆಟ ನಡೆಸೋ ಹಾಗಿಲ್ಲ.

ಕೌಶಲ ನಿಜ ಅನ್ನೋ ನನಗೂ ಆ ಕಾನೂನಿನ ಹಿಂದಿನ ಭಯ ಅರ್ಥ ಆಗುತ್ತೆ. 70 ನಿಮ್ಮ ಕಡೆ ಇದ್ರೂ ಮೂರು ಸಲ ಸಾಲಾಗಿ ಸೋಲೋದು ನೂರಕ್ಕೆ 2.7 ಸಲ ಆಗೇ ಆಗುತ್ತೆ. ಆ ರಾತ್ರಿ ನಿಮ್ಮ ಫೋನಲ್ಲಿರೋದು ಹಾಸ್ಟೆಲ್ ಫೀಸ್ ಆಗಿದ್ರೆ, ಸಾವಿರ ಆಟದ ಸರಾಸರಿ ತಗೊಂಡು ಏನ್ ಮಾಡ್ತೀರಿ? ಅದರ ಮೇಲೆ ಆಡಿಸೋನ ಪಾಲು ಬೇರೆ. ಪ್ರತಿ ಪಾಟ್‌ನಲ್ಲಿ ನೂರಕ್ಕೆ 5 ಕತ್ತರಿಸ್ತಾನೆ ಅಂತ ಇಟ್ಕೊಳ್ಳಿ. 1,000 ರೂಪಾಯಿಯ ಪಾಟ್ 20 ಆಗುವಷ್ಟರಲ್ಲಿ ಪೂರ್ತಿ 1,000 ಮೇಜಿನಿಂದ ಎದ್ದು ಹೋಗಿರುತ್ತೆ, ಯಾರು ಚೆನ್ನಾಗಿ ಆಡಿದ್ರೂ ಸರಿ.

ಕಲಿಯೋಕೆ ಅದ್ಯಾವುದೂ ಬೇಕಿಲ್ಲ. ಒಂದು ಕಟ್ಟು ಇಸ್ಪೀಟು, ಒಂದು ನೋಟ್‌ಬುಕ್, ಚಿಪ್ಸ್ ಬದಲು ಹುಣಸೆ ಬೀಜ. ನಾಲ್ಕು ಕೈ ತೆರೆದೇ ಹಂಚಿ, ಮಧ್ಯ ಮೂರು ಎಲೆ ಹಾಕಿ, ಯಾರಿಗೆ ಎಷ್ಟು ಎಲೆ ಬೇಕು ಅಂತ ಮೊದಲೇ ಬರೆದಿಡಿ, ಆಮೇಲೆ ಉಳಿದೆರಡು ತೆಗೀರಿ. ಇನ್ನೂರು ಸಲ ಮಾಡಿದ್ರೆ ಕಣ್ಣು ಪಳಗುತ್ತೆ.

ಈ ವಾರಕ್ಕೆ ಒಂದು ಲೆಕ್ಕ. ಮಧ್ಯ ಅದೇ 9, 8, 2. ಈ ಸಲ ಕೈಲಿ ರಾಣಿ, ಗುಲಾಮ, 10, 6. ಸ್ಟ್ರೈಟ್ ಆಗೋಕೆ ಎಷ್ಟು ಎಲೆ, ಅದರಲ್ಲಿ ಹುಳ ಬಿದ್ದದ್ದು ಎಷ್ಟು? ಮುಳಬಾಗಿಲು ಬ್ಯಾಚು ಮಾಲೂರು ಬ್ಯಾಚಿಗಿಂತ ಮುಂಚೆ ಕಾಮೆಂಟ್ ಹಾಕುತ್ತಾ ನೋಡೋಣ.

#ಇಸ್ಪೀಟಿನಇತಿಹಾಸ #ಕೋಲಾರ #ಮಾಲೂರು #ಮುಳಬಾಗಿಲು #ಶ್ರೀನಿವಾಸಪುರ