ಹಸಿವಿಲ್ಲ ಅಂದ ಮನೆಯಲ್ಲಿ ಯಾರ ತಟ್ಟೆ ನೋಡಬೇಕು?

‘ಊಟಕ್ಕೇನಾದ್ರೂ ತೊಂದರಿ ಅದ ಏನ್ರಿ?’ ಬಸವಕಲ್ಯಾಣ, ಹುಮನಾಬಾದ್ ಸುತ್ತಿನ ಹಳ್ಳಿಗಳಲ್ಲಿ ಹೀಗೆ ಕೇಳಿದಾಗ ನನಗೆ ಹೆಚ್ಚಾಗಿ ಸಿಕ್ಕ ಉತ್ತರ: ‘ಇಲ್ರೀ, ರೇಷನ್ ಅಕ್ಕಿ ಬರ್ತದ.’

ಸುಳ್ಳಲ್ಲ. 2013ರಲ್ಲಿ ಶುರುವಾದ ಅನ್ನಭಾಗ್ಯ ಹಸಿವಿನ ಭಯ ಕಡಿಮೆ ಮಾಡಿದೆ. ಆದರೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಅಕ್ಕಿ ಇದ್ದೂ ಹೀಗ್ಯಾಕೆ? ನಾವು ಕೇಳುವ ಪ್ರಶ್ನೆಯಲ್ಲೇ ಸಮಸ್ಯೆ ಇದೆ.

ಆಹಾರ ಭದ್ರತೆ ಅಳೆಯಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಅನುಭವ ಕೇಳುವುದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾಪಕದಲ್ಲಿ 8 ಪ್ರಶ್ನೆಗಳಿವೆ: ಆಹಾರ ಸಾಲದೆಂಬ ಚಿಂತೆ ಇತ್ತಾ, ಊಟ ಬಿಟ್ಟಿರಾ, ದಿನವಿಡೀ ಉಪವಾಸ ಇದ್ದಿರಾ, ಹೀಗೆ. ಮಲಾವಿ, ನೈಜರ್, ಇಥಿಯೋಪಿಯಾದಂಥ ಆಫ್ರಿಕಾದ ದೇಶಗಳಲ್ಲಿ ಇದನ್ನು ಮೊದಲು ಪ್ರಯೋಗಿಸಲಾಯಿತು.

ಇನ್ನೊಂದು, ತಟ್ಟೆ ಎಣಿಸುವುದು. ಮಹಿಳೆ ನಿನ್ನೆ ತಿಂದಿದ್ದನ್ನು 10 ಗುಂಪುಗಳಾಗಿ ವಿಂಗಡಿಸಿ, ಕನಿಷ್ಠ 5 ಗುಂಪು ಮುಟ್ಟಿದ್ದಾರಾ ಅಂತ ನೋಡಬೇಕು. ಅನ್ನ, ಜೋಳದ ರೊಟ್ಟಿ, ಆಲೂಗಡ್ಡೆ ಎಲ್ಲಾ ಸೇರಿ ಒಂದೇ ಗುಂಪು. ಬೇಳೆ ಇನ್ನೊಂದು, ಪುಂಡಿಪಲ್ಯದಂಥ ಸೊಪ್ಪು ಮತ್ತೊಂದು, ಮೊಟ್ಟೆ ಬೇರೆ, ಹಾಲು ಬೇರೆ. 15 ಗ್ರಾಂಗಿಂತ ಕಡಿಮೆ ತಿಂದಿದ್ದು ಲೆಕ್ಕಕ್ಕಿಲ್ಲ. ಹಾಗಾಗಿ ಚಹಾದೊಳಗಿನ ಚೂರು ಹಾಲು ‘ಹಾಲು’ ಆಗಲ್ಲ. ಒಂದು ಎಚ್ಚರಿಕೆ: ಇದು ಒಂದು ಸಮುದಾಯದ ಸ್ಥಿತಿ ತಿಳಿಯುವ ಅಳತೆ, ಒಬ್ಬಾಕೆಯ ಆರೋಗ್ಯ ತಪಾಸಣೆ ಅಲ್ಲ.

ಕ್ಷೇತ್ರದಲ್ಲಿ ನಾನು ಕಲಿತದ್ದು ಮೂರು. ಮೊದಲನೆಯದು, ಯಜಮಾನನನ್ನು ಕೇಳಿದರೆ ಮನೆಯಲ್ಲಿ ಬೇಯಿಸಿದ್ದು ಗೊತ್ತಾಗುತ್ತೆ, ಆಕೆ ತಿಂದದ್ದಲ್ಲ. ‘ಪಲ್ಯ ಮಾಡೀನ್ರಿ, ಮಂದಿ ಉಂಡ ಮ್ಯಾಲ ಉಳೀಲಿಲ್ಲ’ ಎನ್ನುವ ಮಾತು ಆಕೆಯನ್ನೇ ಕೇಳಿದಾಗ ಮಾತ್ರ ಹೊರಬರುತ್ತದೆ. ಎರಡನೆಯದು, ಕಾಲ. ರಾಶಿ ಮುಗಿದ ಮೇಲೆ ಕೇಳಿದ ಉತ್ತರವೇ ಬೇರೆ, ಬೀಜ-ಗೊಬ್ಬರಕ್ಕೆ ಕೈಗಡ ಮಾಡುವ ಜೂನ್ ತಿಂಗಳ ಉತ್ತರವೇ ಬೇರೆ. ಒಂದೇ ಭೇಟಿಯಲ್ಲಿ ಮುಗಿಸುವ ಸಮೀಕ್ಷೆ ಅರ್ಧ ಸತ್ಯ. ಮೂರನೆಯದು, ಹೊಲ. ಬೀದರ್ ಜಿಲ್ಲೆಯಲ್ಲಿ ಸೋಯಾ, ಕಬ್ಬು ದೊಡ್ಡ ಬೆಳೆಗಳು. ಎರಡೂ ಮಾರುಕಟ್ಟೆಗೆ ಹೋಗುತ್ತವೆ, ಅಡುಗೆಮನೆಗಲ್ಲ. ಹೆಸರು, ಉದ್ದು, ತೊಗರಿ ಬೆಳೆದರೂ ಮನೆಗೆಷ್ಟು ಇಟ್ಟುಕೊಂಡರು ಅಂತ ಕೇಳಲೇಬೇಕು.

ಎಷ್ಟು ಕೆ.ಜಿ. ಅಕ್ಕಿ ಹಂಚಿದೆವು ಎಂಬ ಲೆಕ್ಕ ಸರ್ಕಾರದ ಬಳಿ ಇದೆ. ಕೊನೆಗೆ ಉಣ್ಣುವಾಕೆಯ ತಟ್ಟೆಯಲ್ಲಿ ಏನಿತ್ತು ಎಂಬ ಲೆಕ್ಕವನ್ನೂ ಹಳ್ಳಿವಾರು, ವರ್ಷಕ್ಕೆ ಎರಡು ಸಲ ಬರೆದಿಡಲಿ. ರೇಷನ್ ಅಂಗಡಿಯಲ್ಲಿ ಬೇಳೆ ಬೇಕೋ, ಅಂಗನವಾಡಿಯಲ್ಲಿ ಮೊಟ್ಟೆ ಹೆಚ್ಚಬೇಕೋ ಎಂಬ ಚರ್ಚೆ ಆಮೇಲೆ ಊಹೆ ಮೇಲೆ ನಡೆಯಬೇಕಾಗಿಲ್ಲ.