ವಿಲಾಯತಿಯಲ್ಲಿ ಬಿಡಾರ

ಊರು ಬಿಟ್ಟು ಬಂದವನಿಗೆ ಮೊದಲು ಬೇಕಾಗುವುದು ಬಿಡಾರ. ಈ ಮಾತನ್ನು ನಮ್ಮ ಸಂಘದ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರಿನವರೊಬ್ಬರ ವಿಳಾಸದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ರೈಲಿನಿಂದಿಳಿದು, ಅವರ ಒಂದೇ ಕೋಣೆಯ ಮೂಲೆಯಲ್ಲಿ ಹಾಸಿಗೆ ಬಿಚ್ಚಿದವರು ನಮ್ಮಲ್ಲಿ ಎಷ್ಟು ಮಂದಿ! ಸಮುದ್ರ ದಾಟಿ ಲಂಡನ್ನಿಗೆ ಹೋದ ನಮ್ಮ ದೇಶದ ವಿದ್ಯಾರ್ಥಿಗಳ ಪಾಡೂ ಹೀಗೆಯೇ ಇತ್ತು. ಆದರೆ ಅಲ್ಲಿ ಬಾಡಿಗೆಯ ಜೊತೆಗೆ ಊಟವೂ ಮೈಬಣ್ಣವೂ ಅಡ್ಡ ಬರುತ್ತಿದ್ದವು.

1888ರಲ್ಲಿ ಬ್ಯಾರಿಸ್ಟರಿ ಓದಲು ಹೋದ ಮೋಹನದಾಸ ಗಾಂಧಿಯವರು ಮೊದಲು ಇಳಿದದ್ದು ವಿಕ್ಟೋರಿಯಾ ಹೋಟೆಲಿನಲ್ಲಿ. ಸ್ವಲ್ಪ ದಿನಕ್ಕೇ 3 ಪೌಂಡು ಬಿಲ್ಲು! ಇಷ್ಟು ತೆತ್ತರೂ ಹೊಟ್ಟೆ ತುಂಬಿರಲಿಲ್ಲ. ಹಡಗಿನಲ್ಲಿ ಜೊತೆಯಾಗಿದ್ದ ಸಿಂಧಿಯೊಬ್ಬರು ಬಾಡಿಗೆಗೆ ಕೋಣೆ ಹುಡುಕಿಕೊಟ್ಟರು. ಅಲ್ಲಿ ರಾತ್ರಿಯೆಲ್ಲ ಮನೆಯ ನೆನಪು, ಕಣ್ಣೀರು. ಡಾಕ್ಟರ್ ಪ್ರಾಣಜೀವನ ಮೆಹತಾ ಬಂದು ನೋಡಿ, ಈ ಕೋಣೆ ಆಗದು, ಇಂಗ್ಲಿಷರ ಸಂಸಾರವೊಂದರಲ್ಲಿ ಇದ್ದು ಅವರ ರೀತಿನೀತಿಗಳನ್ನು ಕಲಿಯಬೇಕೆಂದು ಹೇಳಿದರು. ರಿಚ್ಮಂಡಿನಲ್ಲಿ ಸ್ನೇಹಿತರೊಬ್ಬರ ಬಳಿ ಒಂದು ತಿಂಗಳು ಕಳೆದು, ಗಾಂಧಿಯವರು ಪಶ್ಚಿಮ ಕೆನ್ಸಿಂಗ್ಟನ್ನಿನ ವಿಧವೆಯೊಬ್ಬಳ ಮನೆ ಸೇರಿದರು.

ಮನೆಯೊಡತಿ ಒಳ್ಳೆಯವಳು, ಊಟ ರುಚಿಸಿತೇ ಎಂದು ದಿನವೂ ಕೇಳುವಳು. ಆದರೆ ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟು ಬಂದ ಹುಡುಗನಿಗೆ ಆಕೆ ಏನು ಬಡಿಸಿಯಾಳು? ಆಕೆಯ ಇಬ್ಬರು ಹೆಣ್ಣುಮಕ್ಕಳು ಒತ್ತಾಯಮಾಡಿ ಒಂದೆರಡು ಚೂರು ಬ್ರೆಡ್ಡು ಹೆಚ್ಚಾಗಿ ಹಾಕುತ್ತಿದ್ದರು. ಇಡೀ ಬ್ರೆಡ್ಡೇ ಬೇಕಾಗಿತ್ತೆಂದು ಅವರಿಗೇನು ಗೊತ್ತು! ಕೇಳಲು ನಾಚಿಕೆ. ಊರಿನಿಂದ ತಿಂಡಿ ಕಳಿಸಲು ಬರೆದಿದ್ದರೂ ಅದಿನ್ನೂ ಬಂದಿರಲಿಲ್ಲ. ಕೊನೆಗೆ ಹತ್ತು ಹನ್ನೆರಡು ಮೈಲಿ ಅಲೆದಾಡುವಾಗ ಫ್ಯಾರಿಂಗ್ಡನ್ ಬೀದಿಯಲ್ಲಿ ಶಾಕಾಹಾರದ ಹೋಟೆಲೊಂದು ಸಿಕ್ಕಿತು. ಅಲ್ಲಿ ಹೊಟ್ಟೆತುಂಬ ಉಂಡ ಮೇಲೆಯೇ, ನನಗೆ ತೋರುವಂತೆ, ಗಾಂಧಿಯವರು ಲಂಡನ್ನಿನಲ್ಲಿ ನೆಲೆನಿಂತದ್ದು.

ಮುಂದೆ ಅವರು ವಾರಕ್ಕೆ 8 ಷಿಲ್ಲಿಂಗಿನ ಒಂಟಿ ಕೋಣೆ ಹಿಡಿದು, ಸ್ಟೌ ಕೊಂಡು, ಬೆಳಿಗ್ಗೆ ಓಟ್ಸ್ ಗಂಜಿಯನ್ನೂ ಕೋಕೋವನ್ನೂ ತಾವೇ ಮಾಡಿಕೊಂಡರು. ದಿನದ ಊಟದ ಖರ್ಚು 1 ಷಿಲ್ಲಿಂಗು 3 ಪೆನ್ನಿ.

ಎಲ್ಲರಿಗೂ ಇಂಥ ಮನೆಯೊಡತಿ ಸಿಗುತ್ತಿರಲಿಲ್ಲ. ಮೈಬಣ್ಣ ಕಂಡು ಬಾಗಿಲು ಮುಚ್ಚುವವರೂ ಇದ್ದರು. ಶ್ಯಾಮಜಿ ಕೃಷ್ಣವರ್ಮರು 1905ರಲ್ಲಿ ಹೈಗೇಟಿನ ಕ್ರಾಮ್‌ವೆಲ್ ಅವೆನ್ಯೂವಿನಲ್ಲಿ ‘ಇಂಡಿಯಾ ಹೌಸ್’ ತೆರೆದು ನಮ್ಮ ವಿದ್ಯಾರ್ಥಿಗಳಿಗೆ ವಸತಿ ಕೊಟ್ಟರು. ಮರುವರ್ಷ ಸಾವರಕರರು ಅಲ್ಲಿಗೇ ಬಂದರು. ಒಂದೇ ಸೂರಿನಡಿ ಉಂಡು ಮಲಗಿದ ಹುಡುಗರು ರಾಜಕೀಯವನ್ನು ಮಾತಾಡದೆ ಇರುತ್ತಾರೆಯೇ? 1909ರಲ್ಲಿ ಮದನಲಾಲ ಧಿಂಗ್ರಾ ಕರ್ಜನ್ ವೈಲಿಯನ್ನು ಗುಂಡಿಕ್ಕಿ ಕೊಂದ ಬಳಿಕ ಆ ವಸತಿಗೃಹ ಉಳಿಯಲಿಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಕೆಲಸಕ್ಕೆಂದು ಹೋದವರ ಸಂಖ್ಯೆ ಬೆಳೆಯಿತು. ಬಾಡಿಗೆಯ ಜಾಹೀರಾತುಗಳಲ್ಲಿ ‘ಬಣ್ಣದವರಿಗೆ ಇಲ್ಲ’ ಎಂದು ನಾಚಿಕೆಯಿಲ್ಲದೆ ಬರೆಯುತ್ತಿದ್ದರು. 1968ರ ಕಾಯದೆ ಬರುವವರೆಗೆ ಹೀಗೆ ಮನೆ ನಿರಾಕರಿಸುವುದು ಕಾನೂನಿಗೆ ವಿರೋಧವಾಗಿರಲಿಲ್ಲ. ಆ ಕಾಯದೆಯೂ, ಮಾಲೀಕರು ತಾವೇ ವಾಸವಾಗಿದ್ದು ಅಡಿಗೆಮನೆ, ಬಚ್ಚಲುಮನೆಗಳನ್ನು ಬಾಡಿಗೆಯವರೊಡನೆ ಹಂಚಿಕೊಳ್ಳುವ ಸಣ್ಣ ಮನೆಗಳನ್ನು ಹೊರಗಿಟ್ಟಿತು. ಹೊಸದಾಗಿ ಬಂದ ಬಡ ಹುಡುಗ ಹುಡುಕಿಕೊಂಡು ಹೋಗುತ್ತಿದ್ದುದು ಅಂಥ ಮನೆಗಳನ್ನೇ.